ಅಣ್ಣನ ಪುಸ್ತಕ



ತಿಕೋಟಾ ಕಡೆಯ ಒಂದು ಮನೆಯನ್ನು ಆಶೀರ್ವದಿಸಲು ಹೋಗಿದ್ದಾಗ, ಯೇಸುವಿನ ತಿರುಹೃದಯದ ಚಿತ್ರಪಟದ ಕೆಳಗಿನ ಗೂಡಿನಲ್ಲಿ ಭೌತಶಾಸ್ತ್ರದ ಹಳೆಯ ಪಠ್ಯಪುಸ್ತಕವೊಂದನ್ನು ಕಂಡೆ. ರಟ್ಟು ಕಿತ್ತುಹೋಗಿ ಅದಕ್ಕೆ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದರು. ಒಳಪುಟದಲ್ಲಿ ಒಂದರ ಕೆಳಗೊಂದು ಮೂರು ಹೆಸರುಗಳಿದ್ದವು. ಮೊದಲನೆಯದು ಆ ಮನೆಯವರ ಸಂಬಂಧಿಕನದು, ಎರಡನೆಯದು ಹಿರಿಯ ಮಗನದು, ಮೂರನೆಯದು ಪಿಯುಸಿ ಓದುತ್ತಿರುವ ಮಗಳದು. ಪುಸ್ತಕವನ್ನು ಎಸೆಯದೆ ಒಬ್ಬರಿಂದೊಬ್ಬರಿಗೆ ದಾಟಿಸುವುದು ನಮ್ಮ ಮನೆಗಳ ಒಳ್ಳೆಯ ಪದ್ಧತಿ. ಆದರೆ ಅಂದು ಆ ಮೂರು ಹೆಸರುಗಳನ್ನು ನೋಡಿ ನನಗೆ ಸಂತೋಷಕ್ಕಿಂತ ಅಳುಕೇ ಹೆಚ್ಚಾಯಿತು. ಏಕೆಂದು ಮುಂದೆ ಹೇಳುತ್ತೇನೆ. (ಗುರುತು ಸಿಗಬಾರದೆಂದು ಆ ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಆ ಮನೆಯ ಯಜಮಾನರು ಒಣದ್ರಾಕ್ಷಿ ಶೆಡ್ಡಿನಲ್ಲಿ ಲೆಕ್ಕ ಬರೆಯುವವರು. 2025ರ ಜೂನ್ ತಿಂಗಳಲ್ಲಿ ಅವರು ಪೇಢೆಯ ಪೊಟ್ಟಣ ಹಿಡಿದು ನನ್ನಲ್ಲಿಗೆ ಬಂದಿದ್ದರು. "ಫಾದರ್ರ, ನಮ್ಮ ಹುಡುಗ ನೀಟ್ ಪಾಸಾಗ್ಯಾನ್ರಿ. ಎಲ್ಲಾ ನಿಮ್ಮ ಪ್ರಾರ್ಥನಾ" ಎಂದರು. ಮೊಬೈಲಿನಲ್ಲಿ ಫಲಿತಾಂಶದ ಹಾಳೆಯನ್ನು ತೋರಿಸಿದರು. 720ಕ್ಕೆ 150ರ ಆಸುಪಾಸಿನ ಅಂಕ. ಕೆಳಗೆ 'ಅರ್ಹ' ಎಂಬ ಒಕ್ಕಣೆ. ಆ ಅಂಕಕ್ಕೆ ಸರ್ಕಾರಿ ಸೀಟು ದೊರೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಪೇಢೆ ತೆಗೆದುಕೊಂಡೆ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳುಹಿಸಿದೆ. ಕೆಲವು ವಾರಗಳ ಮೇಲೆ ಅವರು ಮತ್ತೆ ಬಂದು ಕೇಳಿದ ಪ್ರಶ್ನೆ ಇದು: "ಪಾಸಾದವಗ ಸೀಟ್ ಯಾಕಿಲ್ರಿ?" ಅಷ್ಟರಲ್ಲಿ ಇನ್ನೊಂದು ವರ್ಷದ 'ಲಾಂಗ್ ಟರ್ಮ್' ತರಬೇತಿಗೆಂದು ಸಾಲ ಮಾಡಿ ಮುಂಗಡವನ್ನೂ ಕಟ್ಟಿಯಾಗಿತ್ತು.

ಆ ಪ್ರಶ್ನೆಗೆ ಉತ್ತರವೆಂಬಂತೆ ಈ ಲೇಖನವನ್ನು ಬರೆಯುತ್ತಿದ್ದೇನೆ. ವೈದ್ಯಕೀಯ ಪ್ರವೇಶ ಪರೀಕ್ಷೆ ಮೇಲಿಂದ ಮೇಲೆ ಬದಲಾಗುತ್ತಿದೆ. ಪ್ರತಿಯೊಂದು ಬದಲಾವಣೆಯೂ ನ್ಯಾಯದ ಹೆಸರಿನಲ್ಲಿಯೇ ಬಂದಿದೆ. ಆದರೆ ಪ್ರತಿ ಸಲವೂ ಅದರ ದಂಡವನ್ನು ತೆತ್ತವರು ಸುದ್ದಿ ಕೊನೆಗೆ ತಲಪುವ ಮನೆಗಳವರು, ಅಣ್ಣನ ಪುಸ್ತಕವನ್ನು ಓದುವ ಮಕ್ಕಳು.

ಮೊದಲು 'ಅರ್ಹ' ಎಂಬ ಪದವನ್ನೇ ವಿಮರ್ಶಿಸೋಣ. 2025ರಲ್ಲಿ ಸಾಮಾನ್ಯ ವರ್ಗದವರ ಅರ್ಹತಾ ಅಂಕ 144. ಹಿಂದಿನ ವರ್ಷ ಅದು 162 ಆಗಿತ್ತು. ಈ ಗೆರೆಯನ್ನು ಎಳೆಯುವುದು ಲಭ್ಯವಿರುವ ಸೀಟುಗಳನ್ನು ಎಣಿಸಿ ಅಲ್ಲ. ಪರೀಕ್ಷೆ ಬರೆದವರ ಸಾಲಿನಲ್ಲಿ ನಡುವೆ ನಿಂತವನ ಅಂಕವೇ ಸಾಮಾನ್ಯ ವರ್ಗದ ಗೆರೆ. ಮೀಸಲು ವರ್ಗಗಳಿಗೆ ಅದು ಇನ್ನೂ ಕೆಳಗೆ. ಆ ವರ್ಷ ಬರೆದವರು ಸುಮಾರು 22 ಲಕ್ಷ, ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು. ಇಡೀ ದೇಶದ ಎಂ.ಬಿ.ಬಿ.ಎಸ್. ಸೀಟುಗಳು ಒಂದೂಕಾಲು ಲಕ್ಷದ ಆಸುಪಾಸು. ಅಂದರೆ ಅರ್ಹರೆನಿಸಿಕೊಂಡ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಸೀಟೇ ಇಲ್ಲ. ಉಳಿದ ಒಬ್ಬನ ಸೀಟು ಕೂಡ ಸರ್ಕಾರಿಯದೋ ಲಕ್ಷಗಟ್ಟಲೆ ಶುಲ್ಕದ್ದೋ ಎಂಬುದು ಬೇರೆಯೇ ಮಾತು. ಇಷ್ಟನ್ನು ಜೂನ್ ತಿಂಗಳಲ್ಲಿಯೇ, ಪೇಢೆ ಬಾಯಿಗಿಡುವ ಮೊದಲೇ ನಾನು ಹೇಳಬೇಕಿತ್ತು. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವ ಸಾಮತಿಯನ್ನು ಸಂತ ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಿಂದ ಎಷ್ಟೋ ಭಾನುವಾರ ನಾನೇ ಬೋಧಿಸಿದ್ದೇನೆ.

ಬದಲಾವಣೆಗಳ ಚರಿತ್ರೆ ನಮ್ಮ ರಾಜ್ಯದಲ್ಲಿ ಹೊಸದಲ್ಲ. ಕ್ಯಾಪಿಟೇಶನ್ ಹಾವಳಿಯ ಕಾಲದಲ್ಲಿ, 1994ರಲ್ಲಿ, ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆ ಆರಂಭವಾಯಿತು. ಹಳ್ಳಿಯ ಮಕ್ಕಳೂ ರ‍್ಯಾಂಕಿನ ಬಲದಿಂದ ಡಾಕ್ಟರಾದದ್ದನ್ನು ಆ ಸಿಇಟಿ ಕಾಲದಲ್ಲಿ ಕಂಡೆವು. 2013ರಲ್ಲಿ ನೀಟ್ ಮೊದಲ ಬಾರಿಗೆ ಬಂತು, ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿತು, 2016ರಲ್ಲಿ ಆ ತೀರ್ಪನ್ನೇ ಹಿಂತೆಗೆದುಕೊಂಡಿತು. 2017ರಿಂದ ನಮ್ಮಲ್ಲಿ ಸಿಇಟಿ ಅಂಕಗಳಿಗೆ ವೈದ್ಯಕೀಯ ಸೀಟಿನ ಮಟ್ಟಿಗೆ ಬೆಲೆ ಉಳಿಯಲಿಲ್ಲ. 2021ರಿಂದ 2024ರವರೆಗೆ ಪ್ರಶ್ನೆಪತ್ರಿಕೆಯಲ್ಲಿ 200 ಪ್ರಶ್ನೆಗಳಿದ್ದು 180ಕ್ಕೆ ಉತ್ತರಿಸುವ ಆಯ್ಕೆಯಿತ್ತು. 2025ರಲ್ಲಿ ಆ ಆಯ್ಕೆಯನ್ನು ತೆಗೆದು 180 ಪ್ರಶ್ನೆ, 180 ನಿಮಿಷ ಎಂದು ಮಾಡಿದರು. ಭೌತಶಾಸ್ತ್ರ ಕಠಿಣವಾಯಿತು, ಅಂಕಗಳು ಇಳಿದವು. ಹಿಂದಿನ ವರ್ಷ 720ಕ್ಕೆ 720 ಪಡೆದವರ ಸಾಲೇ ಇತ್ತು. 2025ರಲ್ಲಿ ದೇಶಕ್ಕೇ ಮೊದಲಿಗನಾದವನ ಅಂಕ 686. ಆದ್ದರಿಂದ "ಪಕ್ಕದ ಮನಿ ಹುಡುಗಗ ಇಷ್ಟಕ್ಕ ಸೀಟ್ ಸಿಕ್ಕಿತ್ತು" ಎಂಬ ಹೋಲಿಕೆ ಅರ್ಥಹೀನ. ವರ್ಷದಿಂದ ವರ್ಷಕ್ಕೆ ಹೋಲಿಸಬೇಕಾದದ್ದು ಅಂಕವನ್ನಲ್ಲ, ರ‍್ಯಾಂಕನ್ನು.

ಇವೆಲ್ಲವುಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಒಂದೇ ಒಂದು ಪ್ರಶ್ನೆ. 2024ರ ಮೇ 5ರ ಪತ್ರಿಕೆಯಲ್ಲಿ ಪರಮಾಣುಗಳನ್ನು ಕುರಿತು ಒಂದು ಪ್ರಶ್ನೆಯಿತ್ತು. ಹನ್ನೆರಡನೆಯ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದ ಹಳೆಯ ಮುದ್ರಣದಲ್ಲಿ, ಪ್ರತಿಯೊಂದು ಮೂಲವಸ್ತುವಿನ ಪರಮಾಣುಗಳೂ ಸ್ಥಿರವಾಗಿರುತ್ತವೆ ಎಂಬ ಅರ್ಥದ ಮಾತಿತ್ತು. ಹೊಸ ಮುದ್ರಣದಲ್ಲಿ 'ಪ್ರತಿಯೊಂದು' ಹೋಗಿ 'ಹೆಚ್ಚಿನ' ಎಂದಾಯಿತು. ವಿಜ್ಞಾನದ ದೃಷ್ಟಿಯಿಂದ ಹೊಸದೇ ಸರಿ. ರೇಡಿಯಂ, ಯುರೇನಿಯಂಗಳ ಪರಮಾಣುಗಳು ಸ್ಥಿರವಲ್ಲವೆಂದು ನಾವೆಲ್ಲ ಓದಿದ್ದೇವೆ. ಪರೀಕ್ಷಾ ಸಂಸ್ಥೆಯು ಹಳೆಯ ಪುಸ್ತಕ ಓದಿದವರನ್ನು ಪರಿಗಣಿಸಿ ಎರಡು ಉತ್ತರಗಳನ್ನೂ ಸರಿಯೆಂದು ಒಪ್ಪಿತ್ತು. ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ದೆಹಲಿಯ ಐಐಟಿ ತಜ್ಞರು ಒಂದೇ ಉತ್ತರ ಸರಿಯೆಂದರು. 2024ರ ಜುಲೈ 23ರಂದು ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ತಲಾ ಐದು ಅಂಕ ಕಳೆದುಕೊಂಡರು: ಬಂದಿದ್ದ ನಾಲ್ಕು ಹೋಯಿತು, ತಪ್ಪಿಗೆಂದು ಒಂದು ಕಡಿತವಾಯಿತು.

ತೀರ್ಪನ್ನು ನಾನು ಆಕ್ಷೇಪಿಸುತ್ತಿಲ್ಲ. ಸತ್ಯಕ್ಕೆ ಎರಡು ಮುದ್ರಣಗಳಿರಲಾರವು. ಆದರೆ ಆ ನಾಲ್ಕು ಲಕ್ಷ ಮಕ್ಕಳಲ್ಲಿ ಹೊಸ ಪುಸ್ತಕ ಕೊಳ್ಳಲಾಗದವರು ಎಷ್ಟು ಮಂದಿ ಇದ್ದಿರಬಹುದು? ತಿಕೋಟಾದ ಆ ಹುಡುಗ 2024ರಲ್ಲಿಯೂ ಬರೆದಿದ್ದ, ಆ ಐದು ಅಂಕಗಳನ್ನು ಅವನೂ ಕಳೆದುಕೊಂಡಿದ್ದ. ಐದು ಅಂಕ ಬಂದಿದ್ದರೂ ಅವನಿಗೆ ಸೀಟು ಸಿಗುತ್ತಿರಲಿಲ್ಲ, ಅದು ಬೇರೆ. ಅವನು ಓದಿದ್ದನ್ನೇ ಬರೆದಿದ್ದ, ಓದಿದ್ದು ಸಂಬಂಧಿಕನ ಪುಸ್ತಕ. ಅದೇ ಪುಸ್ತಕ ಈಗ ತಂಗಿಯ ಕೈಯಲ್ಲಿದೆ.

ಅದೇ ವರ್ಷ ಪಠ್ಯಕ್ರಮವೂ ಬದಲಾಗಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2024ರ ನೀಟ್‌ಗೆಂದು ಪಠ್ಯವನ್ನು ಪರಿಷ್ಕರಿಸಿ ಅನೇಕ ಅಧ್ಯಾಯಗಳನ್ನು ಕೈಬಿಟ್ಟಿತು. ಜೀವಶಾಸ್ತ್ರದಲ್ಲಿ ಕೈಬಿಟ್ಟವುಗಳಲ್ಲಿ ಜೀರ್ಣಕ್ರಿಯೆಯ ಅಧ್ಯಾಯವೂ ಒಂದು. ವೈದ್ಯನಾಗಹೊರಟವನಿಗೆ ಹೊಟ್ಟೆಯ ಪಾಠ ಬೇಡವಾದದ್ದನ್ನು ಕೇಳಿ ನಾನು ನಕ್ಕದ್ದುಂಟು. ಆದರೆ ಹಳೆಯ ಪುಸ್ತಕ, ಹಳೆಯ ನೋಟ್ಸು ಹಿಡಿದು ಆ ಅಧ್ಯಾಯಗಳನ್ನು ರಾತ್ರಿಯಿಡೀ ಬಾಯಿಪಾಠ ಮಾಡಿದ ಮಗುವಿಗೆ ಅದು ನಗುವ ವಿಷಯವಲ್ಲ.

ಇನ್ನು ಭಾಷೆಯ ವಿಚಾರ. 2017ರಿಂದ ನೀಟ್ ಕನ್ನಡದಲ್ಲಿಯೂ ನಡೆಯುತ್ತಿದೆಯೆಂದು ನಾವು ಹೆಮ್ಮೆಪಟ್ಟೆವು. ಆದರೆ ಕನ್ನಡ ಪತ್ರಿಕೆಯನ್ನು ಆರಿಸಿಕೊಳ್ಳುವವರು ಅತ್ಯಲ್ಪ. ಕಾರಣ ಕಷ್ಟದ್ದೇನಲ್ಲ. ನಮ್ಮ ಮಕ್ಕಳು ಹತ್ತನೆಯ ತರಗತಿಯವರೆಗೆ 'ದ್ಯುತಿಸಂಶ್ಲೇಷಣೆ' ಎಂದು ಕಲಿಯುತ್ತಾರೆ. ಪಿಯುಸಿ ವಿಜ್ಞಾನಕ್ಕೆ ಬಂದೊಡನೆ ಅದು 'ಫೋಟೋಸಿಂಥೆಸಿಸ್' ಆಗುತ್ತದೆ. ಮೊದಲ ಆರು ತಿಂಗಳು ಪಾಠವೇ ಅರ್ಥವಾಗದೆ ಅಳುತ್ತಾರೆ. ಎರಡು ವರ್ಷ ಇಂಗ್ಲಿಷಿನಲ್ಲಿ ಕಲಿತದ್ದಕ್ಕೆ ಕನ್ನಡದ ಪಾರಿಭಾಷಿಕ ಪದವನ್ನು ಅವರು ಮೊದಲ ಬಾರಿ ಕಾಣುವುದು ಪರೀಕ್ಷೆಯ ಕೋಣೆಯಲ್ಲಿಯೇ. ಮೇಲಾಗಿ ಎರಡು ಭಾಷೆಗಳ ನಡುವೆ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ ಎಂಬ ನಿಯಮವಿದೆ. ಅಂದಮೇಲೆ ಅಲ್ಲಿ ಕನ್ನಡಕ್ಕೆ ಜಾಗ ಕೊಟ್ಟಿದ್ದಾರೆ, ಅಧಿಕಾರ ಕೊಟ್ಟಿಲ್ಲ.

ಇದನ್ನು ಹೇಳುವಾಗ ನನಗೆ ನಮ್ಮ ಧರ್ಮಸಭೆಯ ಅನುಭವವೇ ನೆನಪಾಗುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ಬಲಿಪೂಜೆ ಲತೀನಿನಿಂದ ಕನ್ನಡಕ್ಕೆ ಬಂದಿತು. ಅದು ಕೇವಲ ಪೂಜಾಗ್ರಂಥವನ್ನು ಭಾಷಾಂತರಿಸಿ ಅಚ್ಚು ಹಾಕಿಸಿದ್ದರಿಂದ ಆದ ಕೆಲಸವಲ್ಲ. ಯಾಜಕರನ್ನು, ಉಪದೇಶಿಗಳನ್ನು, ಹಾಡುವವರನ್ನು ಸಿದ್ಧಗೊಳಿಸಬೇಕಾಯಿತು; ಪದಗಳು ಜನರ ಬಾಯಲ್ಲಿ ಹೊರಳಿ ಹೊರಳಿ ನಯವಾಗಬೇಕಾಯಿತು. ಪಿಯುಸಿಯ ವಿಜ್ಞಾನಕ್ಕೆ ಅಂಥ ಸಿದ್ಧತೆ ನಡೆಯದೆ ಪ್ರಶ್ನೆಪತ್ರಿಕೆಯೊಂದನ್ನೇ ಕನ್ನಡಿಸಿದರೆ ಫಲವೇನು? ತಾಳೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು ಬಾಳಿದ ವಿಜಯಪುರದಲ್ಲಿ ನಿಂತು ಈ ಮಾತನ್ನು ಕೇಳಲು ನಮಗೆ ಹಕ್ಕಿದೆ.

ಪರೀಕ್ಷೆಯನ್ನು ದಾಟಿ ಸೀಟಿನ ಬಾಗಿಲಿಗೆ ಬಂದರೆ ನಮ್ಮ ಜಿಲ್ಲೆಯ ಚಿತ್ರ ಇನ್ನೂ ವಿಚಿತ್ರ. ವಿಜಯಪುರ ನಗರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ: 1984ರಲ್ಲಿ ಸ್ಥಾಪಿತವಾದ ಅಲ್-ಅಮೀನ್ ಮತ್ತು 1986ರಲ್ಲಿ ಸ್ಥಾಪಿತವಾದ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ಕಾಲೇಜು. ಎರಡನೆಯದು ಡೀಮ್ಡ್ ವಿಶ್ವವಿದ್ಯಾಲಯದ ಅಂಗ. ಅಂಥವುಗಳ ಸೀಟು ಹಂಚಿಕೆ ದೆಹಲಿಯ ಕೇಂದ್ರೀಯ ಕೌನ್ಸೆಲಿಂಗ್ ಮೂಲಕ ನಡೆಯುತ್ತದೆ, ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕವಲ್ಲ. ದಿನವೂ ಬಸ್ಸಿನಿಂದ ಕಾಣುವ ಕಾಲೇಜಿಗೆ ಬೇರೆ ಅರ್ಜಿ ಹಾಕಬೇಕೆಂಬುದು ತಿಳಿಯದೆ ದಿನಾಂಕ ಮೀರಿಸಿಕೊಂಡವರನ್ನು ನಾನು ಬಲ್ಲೆ. ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬೇಕು, ಅದು ಖಾಸಗಿ ಸಹಭಾಗಿತ್ವದ್ದಾಗಬಾರದು ಎಂದು 2025ರ ಕೊನೆಯ ತಿಂಗಳುಗಳಲ್ಲಿ ನಗರದಲ್ಲಿ ದೀರ್ಘ ಧರಣಿ ನಡೆದುದನ್ನು ನೀವೆಲ್ಲ ಕಂಡಿದ್ದೀರಿ. ಆ ಬೇಡಿಕೆಯ ನ್ಯಾಯ ಅರ್ಥವಾಗಬೇಕಾದರೆ ಇನ್ನೊಂದು ವಿಷಯ ಗಮನಿಸಿ. ನಮ್ಮ ಕಲಬುರಗಿ ಧರ್ಮಪ್ರಾಂತ್ಯದೊಳಗೇ ಕಲಬುರಗಿ, ಬೀದರ, ಯಾದಗಿರಿಗಳ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯಿದೆ. ವಿಜಯಪುರ ಹಿಂದೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ನಮ್ಮ ಮಕ್ಕಳಿಗೆ ಅದಿಲ್ಲ. ಒಂದೇ ಧರ್ಮಾಧ್ಯಕ್ಷರ ಕೆಳಗಿನ ಎರಡು ಧರ್ಮಕೇಂದ್ರಗಳ ಮಕ್ಕಳಿಗೆ ಎರಡು ಬಗೆಯ ಲೆಕ್ಕ. ಬಿಸಿಲು ಮಾತ್ರ ಒಂದೇ.

ಆದರೆ ಇರುವ ಸೌಲಭ್ಯವನ್ನಾದರೂ ನಾವು ಬಳಸುತ್ತಿದ್ದೇವೆಯೆ? ರಾಜ್ಯದ ಸೀಟುಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5, ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇಕಡ 15 ಮೀಸಲು ನಡೆದುಬಂದಿದೆ. ಹತ್ತೂ ವರ್ಷ ಪೂರ್ತಿಯಾಗಿರಬೇಕು, ಮುಖ್ಯೋಪಾಧ್ಯಾಯರ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜುವಾಗಬೇಕು. ತಿಕೋಟಾದ ಆ ಮನೆಯ ಹಿರಿಯ ಮಗನನ್ನು ಐದನೆಯ ತರಗತಿಗೆ ನಗರದ ಇಂಗ್ಲಿಷ್ ಶಾಲೆಗೆ ಸೇರಿಸಲಾಯಿತು. ಸಲಹೆ ಕೊಟ್ಟವರಲ್ಲಿ ಗುರುಗಳೂ ಇದ್ದರು. ಹುಡುಗನಿಗೆ ಕನ್ನಡ ಮಾಧ್ಯಮವೂ ಹೋಯಿತು, ಗ್ರಾಮೀಣವೂ ಹೋಯಿತು. ಹಣ ಸಾಲದೆ ಊರಿನ ಸರ್ಕಾರಿ ಶಾಲೆಯಲ್ಲಿಯೇ ಉಳಿದ ತಂಗಿಗೆ ಎರಡನ್ನೂ ಕೇಳುವ ದಾರಿಯಿದೆ. ನಾವು ಇಂಗ್ಲಿಷ್ ಮಾಧ್ಯಮವನ್ನು ಎಷ್ಟು ಹೊಗಳಿದ್ದೇವೆಂದರೆ ಈ ಮಾತನ್ನು ಯಾರಿಗೂ ಹೇಳಲೇ ಇಲ್ಲ.

ನಮ್ಮವರೇ ನಡೆಸುವ ವೈದ್ಯಕೀಯ ಕಾಲೇಜುಗಳ ಮಾತನ್ನೂ ಆಡಲೇಬೇಕು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅದಕ್ಕಿಂತಲೂ ಹಳೆಯದು. ಇವು ಹಿಂದೆ ತಮ್ಮದೇ ಪ್ರವೇಶ ಪರೀಕ್ಷೆ ನಡೆಸಿ, ಅಭ್ಯರ್ಥಿಯನ್ನು ಎದುರು ಕೂರಿಸಿ ಮಾತನಾಡಿಸಿ, ಬಡವರ ಊರಿಗೆ ಹೋಗಿ ದುಡಿಯುವ ಮನಸ್ಸಿದೆಯೆ ಎಂದು ನೋಡಿ ಆರಿಸುತ್ತಿದ್ದವು. ಆ ಹಕ್ಕಿಗಾಗಿ ವೆಲ್ಲೂರಿನವರು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿದರು. 2013ರ ತೀರ್ಪು ಅವರ ಪರವಾಗಿತ್ತು. 2020ರ ಏಪ್ರಿಲ್ 29ರಂದು ಬಂದ ತೀರ್ಪು ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯಿಸುತ್ತದೆ ಎಂದಿತು. 'ನೀನು ಏಕೆ ವೈದ್ಯನಾಗಬೇಕು?' ಎಂದು ಕೇಳುವ ಸ್ಥಳ ಈಗ ಪರೀಕ್ಷೆಯಲ್ಲಿ ಇಲ್ಲ. ಬಬಲೇಶ್ವರದ ಅಜ್ಜಿಯೊಬ್ಬಳು "ಎದಿ ಡವಡವ ಅಂತೈತ್ರಿ, ಕಣ್ಣಿಗೆ ಕತ್ತಲಿ ಬರತೈತಿ" ಎಂದಾಗ ಅರ್ಥಮಾಡಿಕೊಳ್ಳುವ ವೈದ್ಯ ಯಾರೆಂದು 180 ಪ್ರಶ್ನೆಗಳು ಹೇಳಲಾರವು.

ಹಾಗೆಂದು ಹಳೆಯ ಕಾಲವನ್ನು ನಾನು ಹೊಗಳಿ ಮುಗಿಸಲಾರೆ. ಆ ಕಾಲದಲ್ಲಿ ಗುರುಗಳ ಶಿಫಾರಸು ಪತ್ರಕ್ಕೆ ಬೆಲೆಯಿತ್ತು. ಅಂಥ ಪತ್ರಗಳನ್ನು ನಾನೂ ಬರೆದಿದ್ದೇನೆ. ದೇವಾಲಯದ ಸಮಿತಿಯಲ್ಲಿದ್ದವರ ಮಕ್ಕಳಿಗೆ ಉದ್ದ ಪತ್ರ, ಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ನಿಂತು ಹೋಗುವವರ ಮಕ್ಕಳಿಗೆ ಚಿಕ್ಕ ಪತ್ರ. ಕೇಳಲು ಬಾರದವರಿಗೆ ಪತ್ರವೇ ಇಲ್ಲ. ನೀಟ್ ಪರೀಕ್ಷೆಗೆ ಯಾವ ಗುರುಗಳ ಪತ್ರವೂ ಗೊತ್ತಿಲ್ಲ. ಆ ಒಂದು ವಿಷಯದಲ್ಲಿ ಅದು ನನಗಿಂತ ನ್ಯಾಯವಂತ.

ಮುಂದಿನ ಬದಲಾವಣೆಯ ಸೂಚನೆಯೂ ಇದೆ. 2024ರ ಪ್ರಶ್ನೆಪತ್ರಿಕೆ ಸೋರಿಕೆಯ ಗದ್ದಲದ ಬಳಿಕ ಇಸ್ರೋದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ನೇತೃತ್ವದಲ್ಲಿ ಸಮಿತಿಯೊಂದು ರಚನೆಯಾಯಿತು. ಪರೀಕ್ಷೆಗಳನ್ನು ಕಂಪ್ಯೂಟರಿನತ್ತ ಒಯ್ಯಬೇಕು, ನೀಟನ್ನು ಒಂದಕ್ಕಿಂತ ಹೆಚ್ಚು ಹಂತಗಳಲ್ಲಿ ನಡೆಸುವುದನ್ನು ಯೋಚಿಸಬೇಕು ಎಂಬ ದಿಕ್ಕಿನಲ್ಲಿ ಅದರ ಶಿಫಾರಸುಗಳಿದ್ದವು. 2025ರ ಪರೀಕ್ಷೆ ಕಾಗದದ ಮೇಲೆಯೇ ನಡೆಯಿತು. ಆದರೆ ದಿಕ್ಕು ಗೊತ್ತಾಗಿದೆ. ಸೋರಿಕೆ ತಡೆಯಲು ಅದು ಬೇಕಿರಬಹುದು. ಹಾಳೆಯ ಮೇಲೆ ಗೆರೆ ಎಳೆದು ಲೆಕ್ಕ ಬಿಡಿಸಿ ರೂಢಿಯಾದ ಮಗು ಪರದೆಯ ಮೇಲಿನ ಚಿತ್ರ ನೋಡಿ ಬಿಡಿಸಬೇಕಾದಾಗ ಸಮಯ ತಪ್ಪುವುದಂತೂ ಖಂಡಿತ. ನಗರದ ತರಬೇತಿ ಕೇಂದ್ರದಲ್ಲಿ ವಾರಕ್ಕೊಂದು ಕಂಪ್ಯೂಟರ್ ಪರೀಕ್ಷೆ ಬರೆದವನಿಗೂ, ಮೌಸನ್ನು ಹಿಡಿದೇ ಗೊತ್ತಿಲ್ಲದವಳಿಗೂ ಒಂದೇ ಗಡಿಯಾರ.

ಹಾಗಾದರೆ ಸಿದ್ಧತೆ ಎಂದರೇನು? 'ಹೊಸ ಮಾದರಿಗೆ ವಿಶೇಷ ಬ್ಯಾಚ್' ಎಂಬ ಫಲಕಗಳು ನಗರದ ರಸ್ತೆಗಳಲ್ಲಿ ಬದಲಾವಣೆ ಘೋಷಣೆಯಾಗುವ ಮೊದಲೇ ಏಳುತ್ತವೆ. ಅವು ಮಾರುವುದು ನಮ್ಮ ಹೆದರಿಕೆಯನ್ನು ನಮಗೇ. ನಿಜವಾದ ಬದಲಾವಣೆ ಏನೆಂಬುದು ಆ ವರ್ಷದ ಅಧಿಕೃತ ಮಾಹಿತಿ ಪುಸ್ತಿಕೆಯಲ್ಲಿ, ವೈದ್ಯಕೀಯ ಆಯೋಗದ ಪಠ್ಯಕ್ರಮದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಇಂಗ್ಲಿಷಿನಲ್ಲಿರುವ ಆ ಪುಸ್ತಿಕೆಯನ್ನು ಓದಿ ಕನ್ನಡದಲ್ಲಿ ತಿಳಿಸಲು ಪ್ರತಿ ಧರ್ಮಕೇಂದ್ರದಲ್ಲಿ ಒಬ್ಬ ಶಿಕ್ಷಕರೋ ಧರ್ಮಭಗಿನಿಯೋ ಇದ್ದೇ ಇರುತ್ತಾರೆ. ಹಬ್ಬದ ಪಟ್ಟಿಯನ್ನು ಪೂಜೆಯ ಕೊನೆಗೆ ಓದುವ ನಾವು ಅರ್ಜಿಯ ಕೊನೆಯ ದಿನಾಂಕವನ್ನೂ ಓದಬಹುದು. ಜಾತಿ–ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಡಿಸೆಂಬರಿನಲ್ಲಿಯೇ ಹೋಗಬಹುದು. ಪರೀಕ್ಷೆಯ ದಿನ ಕತ್ತಿನ ಜಪಸರ ತೆಗೆಸುವರೆಂದು ಗೋಳಾಡುವ ತಾಯಂದಿರಿಗೂ ಒಂದು ಮಾತು: ಮನೆಯಲ್ಲಿ ಬಿಟ್ಟು ಕಳಿಸಿ, ಬೆರಳುಗಳು ಹತ್ತಿವೆ.

ಹೆತ್ತವರಿಗೆ ಕಷ್ಟದ ಮಾತೊಂದನ್ನೂ ಹೇಳಬೇಕಾಗಿದೆ. 2022ರಲ್ಲಿ ನೀಟ್‌ನ ಗರಿಷ್ಠ ವಯೋಮಿತಿಯನ್ನು ತೆಗೆದುಹಾಕಿದರು. ಅದರಿಂದ ಕೆಲವರಿಗೆ ಉಪಕಾರವಾಯಿತು. ಎಷ್ಟೋ ಮನೆಗಳಲ್ಲಿ 'ಇನ್ನೊಂದು ವರ್ಷ' ಎಂಬುದಕ್ಕೆ ಕೊನೆಯೇ ಇಲ್ಲದಾಯಿತು. ರಾಜಸ್ಥಾನದ ಕೋಟಾದಲ್ಲಿ 2023ರಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆಗಳು ಹೆಚ್ಚಿದಾಗ ವಸತಿಗೃಹಗಳ ಫ್ಯಾನುಗಳಿಗೆ ಸ್ಪ್ರಿಂಗ್ ಜೋಡಿಸಲು ಆದೇಶ ಹೊರಟಿತು. ಫ್ಯಾನಿಗೆ ಸ್ಪ್ರಿಂಗ್ ಬಂತು, ಮಗುವನ್ನು ಕೂರಿಸಿಕೊಂಡು "ಎಷ್ಟು ಸಲ ಬರೆಯೋಣ? ಆಗದಿದ್ದರೆ ಏನು ಮಾಡೋಣ?" ಎಂದು ಕೇಳುವವರು ಬರಲಿಲ್ಲ. ಈ ಮಾತುಕತೆ ಮೊದಲ ಪರೀಕ್ಷೆಗೆ ಮುಂಚೆಯೇ ಆಗಬೇಕು, ಸೋತ ರಾತ್ರಿಯಲ್ಲಲ್ಲ. ನರ್ಸಿಂಗ್, ಫಾರ್ಮಸಿ, ಪ್ರಯೋಗಾಲಯ ತಂತ್ರಜ್ಞಾನಗಳನ್ನು 'ಸೀಟು ಸಿಗದವರ ಕೋರ್ಸು' ಎಂದು ಮಕ್ಕಳೆದುರು ಆಡಬೇಡಿ. ನಮ್ಮ ಧರ್ಮಭಗಿನಿಯರಲ್ಲಿ ಎಷ್ಟು ಮಂದಿ ನರ್ಸುಗಳೆಂಬುದನ್ನು ಒಮ್ಮೆ ನೆನೆಯಿರಿ.

ಆ ತಂದೆಗೆ ಕೊನೆಗೂ ಉತ್ತರ ಹೇಳಿದೆ. ಕಾಗದದ ಮೇಲೆ 144 ಎಂದು ಬರೆದು, ಸರ್ಕಾರಿ ಸೀಟುಗಳು ಮುಗಿದ ಅಂಕ ಅಲ್ಲಿಂದ ನೂರಾರು ಮೆಟ್ಟಿಲು ಮೇಲಿದೆಯೆಂದು ತೋರಿಸಿದೆ. ಅವರು ಬಹಳ ಹೊತ್ತು ಆ ಕಾಗದವನ್ನು ನೋಡಿ, "ಇದನ್ನ ಅವತ್ತ ಹೇಳಿದ್ರ ಆಗತಿತ್ತಲ್ರಿ ಫಾದರ್" ಎಂದರು. ಕಟ್ಟಿದ ಮುಂಗಡ ಮರಳಿ ಬರಲಿಲ್ಲ. ಹುಡುಗ ಈಗ ಡಿ.ಫಾರ್ಮಾ ಓದುತ್ತಿದ್ದಾನೆ.

ಮೊನ್ನೆ ಆ ಮನೆಗೆ ಹೊಸ ಮುದ್ರಣದ ಪುಸ್ತಕವನ್ನು ಒಯ್ದಿದ್ದೆ. ಹುಡುಗಿ ಎರಡನ್ನೂ ನೆಲದ ಮೇಲೆ ತೆರೆದಿಟ್ಟು ಸಾಲಿಗೆ ಸಾಲು ಹೋಲಿಸುತ್ತ ಕುಳಿತಳು. ಪರಮಾಣುವಿನ ಪುಟ ಬಂದಾಗ ಹಳೆಯ ಪುಸ್ತಕದ ಆ ಒಂದು ಪದವನ್ನು ಪೆನ್ಸಿಲಿನಿಂದ ಹೊಡೆದು ಮೇಲೆ ಹೊಸದನ್ನು ಬರೆದಳು. "ಹಂಗಾರ ಹಳೇದನ್ನ ರದ್ದಿಗೆ ಹಾಕೂದೇನ್ರಿ ಫಾದರ್?" ಎಂದು ತಾಯಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ, "ಬ್ಯಾಡವಾ, ಅಂಚಿನಾಗ ಅಣ್ಣ ಲೆಕ್ಕ ಬಿಡಿಸ್ಯಾನ. ಅವು ಹೊಸಾದ್ರಾಗ ಇಲ್ಲ" ಎಂದಳು.